ಪರಭಾಷೆಯ ಕಲಿಕೆ: ಚೀನಾ ದೇಶದಿಂದ ನಮಗೊಂದು ಪಾಠ

ಬೆಳಿಗ್ಗೆ ನಾವು ಕುಡಿಯುವ ಪಾನೀಯಕ್ಕೆ ಕನ್ನಡದಲ್ಲಿ ಎರಡು ಹೆಸರುಗಳಿವೆ. ಕೆಲವರು ‘ಟೀ’ ಎನ್ನುತ್ತಾರೆ, ಕೆಲವರು ‘ಚಹಾ’ ಎನ್ನುತ್ತಾರೆ. ಒಂದು ಇಂಗ್ಲಿಷಿನ ಮಾತು, ಮತ್ತೊಂದು ನಮ್ಮ ದೇಶದ ಮಾತು ಎಂದು ಭಾವಿಸುವವರೇ ಹೆಚ್ಚು. ಆದರೆ ಎರಡೂ ಚೀನಾ ದೇಶದ ಮಾತುಗಳು. ಒಂದೇ ಎಲೆಗೆ ಚೀನಾದ ಬಹುಭಾಗದಲ್ಲಿ ‘ಛಾ’ ಎಂಬ ಉಚ್ಚಾರವಿದೆ. ಆಗ್ನೇಯ ಕರಾವಳಿಯ ಫುಜಿಯನ್ ಪ್ರಾಂತದಲ್ಲಿ ‘ತೆ’ ಎಂಬ ಉಚ್ಚಾರವಿದೆ. ಪರ್ಷಿಯಾ ಮೊದಲಾದ ದೇಶಗಳನ್ನು ಹಾದು ಬಂದದ್ದು ನಮ್ಮಲ್ಲಿ ಚಹಾ ಆಯಿತು. ಡಚ್ಚರ ಹಡಗುಗಳಲ್ಲಿ ಯುರೋಪಿಗೆ ಹೋಗಿ, ಇಂಗ್ಲಿಷರ ಬಾಯಿಂದ ಬಂದದ್ದು ಟೀ ಆಯಿತು. ತಮಿಳಿನ ‘ತೇಯಿಲೈ’, ‘ತೇನೀರ್’ ಎಂಬ ಮಾತುಗಳಲ್ಲಿರುವ ‘ತೇ’ ಕೂಡ ಇದೇ.

ನೆರೆಯ ಕೊಳ್ಳೇಗಾಲದ ಹೆಸರನ್ನು ದೂರದವರೆಗೆ ಹಬ್ಬಿಸಿದ ರೇಷ್ಮೆಯೂ ಮೊದಲು ಚೀನೀಯರಿಗೆ ತಿಳಿದ ವಿದ್ಯೆ. ಸಂಸ್ಕೃತ ಕವಿಗಳು ರೇಷ್ಮೆ ವಸ್ತ್ರವನ್ನು ‘ಚೀನಾಂಶುಕ’ ಎಂದು ಕರೆದರು. ಈ ಲೇಖನ ಅಚ್ಚಾಗಿರುವ ಕಾಗದದ ವಿದ್ಯೆಯೂ ಆ ದೇಶದ್ದೇ. ಇಂಥ ಪ್ರಾಚೀನ ದೇಶದ ಸಂಸ್ಕೃತಿಯನ್ನು ಇಂದು ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಶಾಸ್ತ್ರವಾಗಿ ಅಭ್ಯಾಸ ಮಾಡುತ್ತಾರೆ. ಹಾಗೆಯೇ, ಇಂಗ್ಲಿಷ್ ಮನೆಮಾತಲ್ಲದ ಜನರು ಅದನ್ನು ಕಲಿಯುವ ಬಗೆ ಯಾವುದು ಎಂಬುದೂ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಅಧ್ಯಯನ ವಿಷಯವಾಗಿದೆ. ಈ ಎರಡು ವಿಷಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಗೆಟ್ಟವಾಡಿಯ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ತುಂಬ ಪ್ರಯೋಜನವುಂಟು. ಹೇಗೆಂಬುದನ್ನು ವಿಚಾರ ಮಾಡೋಣ.

ನಮ್ಮ ಪ್ರಶ್ನೆ

೧೯೫೬ರಲ್ಲಿ ಭಾಷಾವಾರು ಪ್ರಾಂತಗಳು ರಚನೆಯಾದಾಗ, ಅಲ್ಲಿಯವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು. ನಮ್ಮ ತಾಳವಾಡಿ ಸೀಮೆ ಮದ್ರಾಸಿನಲ್ಲಿಯೇ ಉಳಿಯಿತು. ಅಂದಿನಿಂದ ನಮ್ಮ ಮಕ್ಕಳದು ಮೂರು ಭಾಷೆಗಳ ಬದುಕು. ಮನೆಯಲ್ಲಿ ಮತ್ತು ಹೊಲದಲ್ಲಿ ಕನ್ನಡ. ದಿಂಬಂ ಘಾಟಿಯ ೨೭ ತಿರುವುಗಳನ್ನು ಇಳಿದು ಸತ್ಯಮಂಗಲ, ಈರೋಡುಗಳಿಗೆ ಹೋದರೆ ತಮಿಳು. ೨೦೦೬ರ ತಮಿಳು ಕಲಿಕೆಯ ಕಾಯಿದೆಯ ನಂತರ ಶಾಲೆಯ ಓದಿನಲ್ಲಿಯೂ ತಮಿಳಿನ ಪ್ರಶ್ನೆ ಬಂದಿತು. ಇನ್ನು ಕಾಲೇಜಿನ ಓದಿಗೆ ಇಂಗ್ಲಿಷ್ ಬೇಕು.

ಆದ್ದರಿಂದ ಪೋಷಕರು ಕೇಳುವ ಪ್ರಶ್ನೆ ಸಹಜವಾದದ್ದು: “ಕನ್ನಡ ಮಾಧ್ಯಮದಲ್ಲಿ ಓದಿದರೆ ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರುತ್ತದೆಯೇ, ಮೇಷ್ಟ್ರೇ?” ಇದು ಮಗುವಿನ ಭವಿಷ್ಯದ ಪ್ರಶ್ನೆ. ಅನೇಕ ಮನೆಗಳಲ್ಲಿ ಹಣದ ಪ್ರಶ್ನೆಯೂ ಹೌದು. ಇದಕ್ಕೆ ಬರಿಯ ಅಭಿಮಾನದಿಂದ ಉತ್ತರ ಹೇಳಿದರೆ ಸಾಲದು. ಪರಭಾಷೆಯನ್ನು ಚೆನ್ನಾಗಿ ಕಲಿತವರ ನಿದರ್ಶನಗಳನ್ನು ನೋಡಿ ಉತ್ತರ ಹೇಳಬೇಕು.

ಚೀನಾದಿಂದ ಬಂದ ವಿದ್ಯಾರ್ಥಿಗಳು

ಹ್ಯೂಯೆನ್ ತ್ಸಾಂಗನ ಹೆಸರನ್ನು ವಿದ್ಯಾರ್ಥಿಗಳು ಚರಿತ್ರೆಯ ಪಾಠದಲ್ಲಿ ಓದಿದ್ದೀರಿ. ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿಯ ಪರಾಕ್ರಮವನ್ನು ಬರೆದಿಟ್ಟ ಯಾತ್ರಿಕನೇ ಈತ. ಆದರೆ ಅವನು ಬರಿಯ ಯಾತ್ರಿಕನಲ್ಲ, ವಿದ್ಯಾರ್ಥಿ. ಕ್ರಿ. ಶ. ೬೨೯ರಲ್ಲಿ ತನ್ನ ದೇಶವನ್ನು ಬಿಟ್ಟು, ಮರುಭೂಮಿ ಮತ್ತು ಹಿಮಪರ್ವತಗಳನ್ನು ದಾಟಿ ಬಂದು, ನಾಲಂದಾ ವಿದ್ಯಾಪೀಠದಲ್ಲಿ ಶೀಲಭದ್ರ ಎಂಬ ವೃದ್ಧ ಆಚಾರ್ಯರ ಬಳಿ ಓದಿದ. ೬೪೫ರಲ್ಲಿ ೬೫೭ ಗ್ರಂಥಗಳೊಂದಿಗೆ ಹಿಂತಿರುಗಿದ. ಮುಂದೆ ೬೬೪ರಲ್ಲಿ ತೀರಿಕೊಳ್ಳುವವರೆಗೆ ಅವುಗಳನ್ನು ಚೀನೀ ಭಾಷೆಗೆ ಅನುವಾದಿಸುವುದರಲ್ಲಿಯೇ ನಿರತನಾಗಿದ್ದ. ಅವನು ಚೀನಾದ ಪ್ರಸಿದ್ಧ ಗ್ರಂಥವಾದ ‘ದಾವ್ ದ ಜಿಂಗ್’ ಅನ್ನು ಸಂಸ್ಕೃತಕ್ಕೆ ತಿರುಗಿಸಿದನೆಂದೂ ಚೀನೀ ದಾಖಲೆಗಳು ಹೇಳುತ್ತವೆ. ಪರದೇಶದ ವಿದ್ಯೆಯನ್ನು ಇಷ್ಟು ಆಳವಾಗಿ ಕಲಿತವನು ತನ್ನ ಭಾಷೆಯಲ್ಲಿಯೂ ಪಂಡಿತನಾಗಿದ್ದನೆಂಬುದನ್ನು ಗಮನಿಸಬೇಕು. ಹಾಗಿರದಿದ್ದರೆ ಅನುವಾದ ಮಾಡುವುದಾದರೂ ಹೇಗೆ?

ಅವನ ನಂತರ ಬಂದವನು ಇತ್ಸಿಂಗ್. ಅವನು ೬೭೧ರಲ್ಲಿ ಹಡಗು ಹತ್ತಿದ. ನೇರವಾಗಿ ಭಾರತಕ್ಕೆ ಬರದೆ ಸುಮಾತ್ರಾ ದ್ವೀಪದ ಶ್ರೀವಿಜಯದಲ್ಲಿ ಆರು ತಿಂಗಳು ನಿಂತು ಸಂಸ್ಕೃತ ವ್ಯಾಕರಣವನ್ನು ಅಭ್ಯಾಸ ಮಾಡಿದ. ಅನಂತರ ನಾಲಂದಾದಲ್ಲಿ ಸುಮಾರು ಹತ್ತು ವರ್ಷ ಓದಿದ. ತನ್ನ ಹಿಂದೆ ಬರುವ ಚೀನೀ ವಿದ್ಯಾರ್ಥಿಗಳಿಗೆ ಅವನು ಹೇಳಿದ ಬುದ್ಧಿವಾದ ಸ್ವಾರಸ್ಯವಾಗಿದೆ: ಮೊದಲು ಶ್ರೀವಿಜಯದಲ್ಲಿ ಒಂದೆರಡು ವರ್ಷ ನಿಂತು ಭಾಷೆಯನ್ನು ರೂಢಿಮಾಡಿಕೊಳ್ಳಿ, ಆಮೇಲೆ ಭಾರತಕ್ಕೆ ಹೋಗಿ ಎಂದು. ಅಂದರೆ, ಪರಭಾಷೆಯಲ್ಲಿ ವಿದ್ಯೆ ಕಲಿಯಲು ಏಕಾಏಕಿ ಹೊಳೆಗೆ ಧುಮುಕಬಾರದು; ದಡದಲ್ಲಿ ಈಜು ಕಲಿತು ಇಳಿಯಬೇಕು. ನಮ್ಮ ದೇಶದ ಮಕ್ಕಳು ಆರನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸ ಆರಂಭಿಸಿ ಆರು ತಿಂಗಳಲ್ಲಿ ಮುಗಿಸುತ್ತಿದ್ದರು, ಎಂಟನೆಯ ವಯಸ್ಸಿನಲ್ಲಿ ಪಾಣಿನಿಯ ಸೂತ್ರಗಳನ್ನು ಬಾಯಿಪಾಠ ಮಾಡುತ್ತಿದ್ದರು ಎಂದು ಬರೆದಿಟ್ಟವನೂ ಇವನೇ.

ಚೀನಾಕ್ಕೆ ಹೋದ ವೈದ್ಯ

ಈಗ ಎದುರು ದಿಕ್ಕಿನಲ್ಲಿ ಹೋದವರೊಬ್ಬರನ್ನು ನೋಡೋಣ. ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು ೧೯೧೦ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದರು. ಮರಾಠಿ, ಕನ್ನಡ, ತೆಲುಗು ಮೂರೂ ಕಿವಿಗೆ ಬೀಳುವ ಗಡಿನಾಡಿನ ಊರು ಅದು; ಒಂದು ರೀತಿಯಲ್ಲಿ ನಮ್ಮ ತಾಳವಾಡಿಯಂತೆಯೇ. ಜಪಾನಿನ ಆಕ್ರಮಣಕ್ಕೆ ಗುರಿಯಾಗಿದ್ದ ಚೀನಾಕ್ಕೆ ನಮ್ಮ ರಾಷ್ಟ್ರೀಯ ಕಾಂಗ್ರೆಸ್ಸು ೧೯೩೮ರಲ್ಲಿ ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲಿ ಕೋಟ್ನೀಸರೂ ಒಬ್ಬರು. ಆಗ ಅವರಿಗೆ ಸುಮಾರು ೨೮ ವರ್ಷ.

ಗಾಯಗೊಂಡ ಸೈನಿಕನಿಗೆ ಇಂಗ್ಲಿಷ್ ತಿಳಿಯದು. “ಎಲ್ಲಿ ನೋಯುತ್ತದೆ?” ಎಂದು ಕೇಳಬೇಕಾದರೂ ಚೀನೀ ಭಾಷೆಯೇ ಬೇಕು. ಆ ಅಗತ್ಯದಿಂದ ಕೋಟ್ನೀಸರು ಭಾಷೆಯನ್ನು ಕಲಿತರು. ಕಲಿತ ಭಾಷೆಯಲ್ಲಿ ರೋಗಿಗಳೊಂದಿಗೆ ಮಾತನಾಡಿದರು, ವೈದ್ಯ ವಿದ್ಯಾರ್ಥಿಗಳಿಗೆ ಪಾಠವನ್ನೂ ಹೇಳಿದರು. ಅಲ್ಲಿಯ ದಾದಿಯೊಬ್ಬರನ್ನು ಮದುವೆಯಾದರು. ಹುಟ್ಟಿದ ಮಗನಿಗೆ ‘ಯಿನ್‌ಹ್ವಾ’ ಎಂದು ಹೆಸರಿಟ್ಟರು. ‘ಯಿನ್’ ಎಂದರೆ ಭಾರತ, ‘ಹ್ವಾ’ ಎಂದರೆ ಚೀನಾ. ೧೯೪೨ರ ಡಿಸೆಂಬರ್ ೯ರಂದು, ೩೨ನೆಯ ವಯಸ್ಸಿನಲ್ಲಿ, ಕೋಟ್ನೀಸರು ಅಲ್ಲಿಯೇ ತೀರಿಕೊಂಡರು. ಅವರಿಗೆ ಭಾಷೆಯನ್ನು ಕಲಿಸಿದ್ದು ಪರೀಕ್ಷೆಯ ಭಯವಲ್ಲ, ಮಾಡಲೇಬೇಕಾಗಿದ್ದ ಕೆಲಸ.

ವಿಶ್ವವಿದ್ಯಾನಿಲಯಗಳ ಕೆಲಸ

ಮಹಾಕವಿ ರವೀಂದ್ರನಾಥ ಠಾಕೂರರು ೧೯೨೪ರಲ್ಲಿ ಚೀನಾಕ್ಕೆ ಹೋಗಿದ್ದರು. ಚೀನೀ ವಿದ್ವಾಂಸರಾದ ತಾನ್ ಯುನ್‌ಷಾನ್ ಅವರು ೧೯೨೮ರಲ್ಲಿ ಶಾಂತಿನಿಕೇತನಕ್ಕೆ ಬಂದರು. ಇಬ್ಬರ ಪ್ರಯತ್ನದ ಫಲವಾಗಿ ೧೯೩೭ರ ಏಪ್ರಿಲ್ ೧೪ರಂದು ಅಲ್ಲಿ ‘ಚೀನಾ ಭವನ’ ಪ್ರಾರಂಭವಾಯಿತು. ಚೀನೀ ಭಾಷೆ, ಸಾಹಿತ್ಯ, ಬೌದ್ಧ ಗ್ರಂಥಗಳು, ಚರಿತ್ರೆ ಇವುಗಳ ಅಭ್ಯಾಸಕ್ಕೆ ಅದು ನಮ್ಮ ದೇಶದ ಹಿರಿಯ ಕೇಂದ್ರ. ಇಂದು ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯ, ದೆಹಲಿ ವಿಶ್ವವಿದ್ಯಾನಿಲಯ, ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಗಳಲ್ಲಿಯೂ ಚೀನೀ ಭಾಷೆಯನ್ನು ಕಲಿಸುತ್ತಾರೆ.

ಚೀನೀಯರೂ ಸುಮ್ಮನೆ ಕುಳಿತಿಲ್ಲ. ಜಿ ಷಿಯೆನ್‌ಲಿನ್ ಎಂಬ ವಿದ್ವಾಂಸರು ಜರ್ಮನಿಯ ಗಟಿಂಗೆನ್‌ನಲ್ಲಿ ಸಂಸ್ಕೃತವನ್ನು ಓದಿ ಬಂದು, ೧೯೪೬ರಿಂದ ಪೀಕಿಂಗ್ ವಿಶ್ವವಿದ್ಯಾನಿಲಯದಲ್ಲಿ ಪೌರ್ವಾತ್ಯ ಭಾಷೆಗಳ ವಿಭಾಗವನ್ನು ಕಟ್ಟಿದರು. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಅವರನ್ನು ಅಧ್ಯಾಪನದಿಂದ ತೆಗೆದು ಬಾಗಿಲು ಕಾಯುವ ಕೆಲಸಕ್ಕೆ ಹಾಕಿದರು. ಆ ಕಷ್ಟಕಾಲದಲ್ಲಿ ಅವರು ಗುಟ್ಟಾಗಿ ವಾಲ್ಮೀಕಿ ರಾಮಾಯಣವನ್ನು ಚೀನೀ ಭಾಷೆಗೆ ತಂದರು. ಅದು ೧೯೮೦ರಿಂದ ೧೯೮೪ರವರೆಗೆ ಸಂಪುಟ ಸಂಪುಟವಾಗಿ ಪ್ರಕಟವಾಯಿತು. ೨೦೦೮ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು. ನಮ್ಮ ಪಕ್ಕದ ಭಾಷೆಯಾದ ತಮಿಳನ್ನೂ ಚೀನೀಯರು ಕಲಿತಿದ್ದಾರೆ. ಪೀಕಿಂಗ್ ರೇಡಿಯೋ ೧೯೬೩ರಲ್ಲಿಯೇ ತಮಿಳು ಪ್ರಸಾರವನ್ನು ಆರಂಭಿಸಿತು. ಅಷ್ಟು ದೂರದವರಿಗೆ ಸಾಧ್ಯವಾದ ತಮಿಳು, ಬೆಟ್ಟದ ಮೇಲಿನ ನಮಗೆ ಭಾರವಾಗಬಾರದಲ್ಲವೇ?

ನಾಲ್ಕು ಭಾಷೆಗಳ ಒಂದು ವಾಕ್ಯ

ಯಾವ ಪರಭಾಷೆಯೇ ಆಗಲಿ, ಅದು ನಮ್ಮ ಮಾತಿಗಿಂತ ಎಲ್ಲಿ ಭಿನ್ನ ಎಂಬುದನ್ನು ತಿಳಿದರೆ ಅರ್ಧ ಕಷ್ಟ ಕಳೆಯುತ್ತದೆ. ಒಂದೇ ವಾಕ್ಯವನ್ನು ತೆಗೆದುಕೊಳ್ಳೋಣ.

ಕನ್ನಡ: ನಾನು ಚಹಾ ಕುಡಿಯುತ್ತೇನೆ.
ತಮಿಳು: ನಾನ್ ತೇನೀರ್ ಕುಡಿಕ್ಕಿರೇನ್.
ಇಂಗ್ಲಿಷ್: ಐ ಡ್ರಿಂಕ್ ಟೀ.
ಚೀನೀ: ವೋ ಹ ಛಾ.

ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿಯೂ ಚೀನೀ ಭಾಷೆಯಲ್ಲಿಯೂ ಅದು ನಡುವೆ ಬರುತ್ತದೆ. ಆದುದರಿಂದ ವಾಕ್ಯದ ಜೋಡಣೆಯಲ್ಲಿ ಚೀನೀ ಮಗುವಿಗೆ ಇಂಗ್ಲಿಷ್ ಸುಲಭ, ನಮಗೆ ಸ್ವಲ್ಪ ಕಷ್ಟ. ಇನ್ನೊಂದು ಕಡೆ ನಮಗೇ ಅನುಕೂಲ. ನಾವು ‘ಬಂದನು’, ‘ಬಂದಳು’, ‘ಬಂದರು’ ಎಂದು ಕ್ರಿಯಾಪದವನ್ನು ಬದಲಿಸುತ್ತೇವೆ. ಕಾಲಕ್ಕೆ ತಕ್ಕಂತೆಯೂ ಬದಲಿಸುತ್ತೇವೆ. ಚೀನೀ ಭಾಷೆಯಲ್ಲಿ ಕ್ರಿಯಾಪದದ ರೂಪ ಹೀಗೆ ಬದಲಾಗುವುದೇ ಇಲ್ಲ. ‘ಅವನು’, ‘ಅವಳು’ ಎರಡಕ್ಕೂ ಅವರು ಬಾಯಲ್ಲಿ ‘ತಾ’ ಎಂದೇ ಹೇಳುತ್ತಾರೆ. ಬರೆಯುವಾಗ ಮಾತ್ರ ವ್ಯತ್ಯಾಸ. ಹೀಗಾಗಿ ಚೆನ್ನಾಗಿ ಓದಿದ ಚೀನೀಯರೂ ಇಂಗ್ಲಿಷ್ ಮಾತನಾಡುವಾಗ ‘ಹಿ’, ‘ಷಿ’ಗಳನ್ನು ಅದಲುಬದಲು ಮಾಡುವುದುಂಟು. ನಮ್ಮ ಮಕ್ಕಳಿಗೆ ಈ ತೊಡಕಿಲ್ಲ.

ಉಚ್ಚಾರದಲ್ಲಿ ಎರಡೂ ಕಡೆಯವರು ಒಂದೇ ದೋಣಿಯಲ್ಲಿದ್ದೇವೆ. ಕನ್ನಡದ ಮಾತುಗಳು ಸ್ವರದಿಂದ ಮುಗಿಯಬೇಕು. ಆದ್ದರಿಂದ ‘ಬಸ್’ ನಮ್ಮಲ್ಲಿ ‘ಬಸ್ಸು’ ಆಯಿತು. ಚೀನೀ ಭಾಷೆಗಳಲ್ಲಿಯೂ ಮಾತಿನ ಕೊನೆಗೆ ‘ಸ’ಕಾರ ನಿಲ್ಲುವುದಿಲ್ಲ, ಹಾಂಗ್‌ಕಾಂಗಿನವರು ಅದನ್ನು ‘ಬಾಸಿ’ ಮಾಡಿಕೊಂಡರು. ಇದು ದಡ್ಡತನವಲ್ಲ, ಮಾತೃಭಾಷೆಯ ಅಭ್ಯಾಸಬಲ. ತಿಳಿದುಕೊಂಡರೆ ತಿದ್ದಿಕೊಳ್ಳಬಹುದು.

ಚೀನೀ ಮಕ್ಕಳ ಶ್ರಮವನ್ನೂ ಸ್ವಲ್ಪ ಯೋಚಿಸಿ. ಅವರ ಭಾಷೆಯಲ್ಲಿ ‘ಮಾ’ ಎಂಬ ಒಂದೇ ಮಾತು, ದನಿಯ ಏರಿಳಿತದಿಂದ, ತಾಯಿ, ಸೆಣಬಿನಂಥ ನಾರುಗಿಡ, ಕುದುರೆ, ಬಯ್ಯು ಎಂಬ ನಾಲ್ಕು ಅರ್ಥಗಳನ್ನು ಕೊಡುತ್ತದೆ. ನಮಗೆ ವರ್ಣಮಾಲೆಯ ೪೯ ಅಕ್ಷರಗಳು ಬಂದರೆ ಏನು ಬೇಕಾದರೂ ಓದಬಹುದು. ಅಲ್ಲಿ ೧೯೮೮ರ ಸರ್ಕಾರಿ ಪಟ್ಟಿಯಲ್ಲಿ ಸಾಮಾನ್ಯ ಬಳಕೆಯ ಲಿಪಿಚಿಹ್ನೆಗಳೇ ೩,೫೦೦. ಅಷ್ಟನ್ನೂ ದಿನದಿನವೂ ಬರೆದು ಬರೆದು ಕಲಿಯುತ್ತಾರೆ. ಅದರ ಜೊತೆಗೆ ಇಂಗ್ಲಿಷನ್ನೂ ಕಲಿಯುತ್ತಾರೆ.

ಬೆಂಗಳೂರಿನ ಪ್ರಯೋಗ

ಚೀನಾದಲ್ಲಿ ಇಂಗ್ಲಿಷ್ ಒಂದು ಮುಖ್ಯ ವಿಷಯ. ಆದರೆ ಶಾಲೆಗಳಲ್ಲಿ ಗಣಿತ, ವಿಜ್ಞಾನಗಳನ್ನೂ, ಕಾಲೇಜುಗಳಲ್ಲಿ ವೈದ್ಯ, ತಾಂತ್ರಿಕ ವಿದ್ಯೆಗಳನ್ನೂ ಸಾಮಾನ್ಯವಾಗಿ ತಮ್ಮ ಭಾಷೆಯಲ್ಲಿಯೇ ಕಲಿಸುತ್ತಾರೆ. ಅಲ್ಲಿಯ ದೋಷ ಬೇರೆ ಕಡೆ ಇತ್ತು. ವ್ಯಾಕರಣ, ಪದಪಟ್ಟಿ, ಬಾಯಿಪಾಠ ಇವುಗಳಿಂದ ಅಂಕ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಇದನ್ನು ಚೀನೀಯರೇ ‘ಮೂಗ ಇಂಗ್ಲಿಷ್’ ಎಂದು ಹಾಸ್ಯಮಾಡಿಕೊಂಡರು. ಈ ಕೊರತೆಯನ್ನು ನೀಗಲು ಉದ್ಯಾನಗಳಲ್ಲಿಯೂ ವಿದ್ಯಾಲಯಗಳ ಅಂಗಳದಲ್ಲಿಯೂ ‘ಇಂಗ್ಲಿಷ್ ಮೂಲೆ’ಗಳು ಹುಟ್ಟಿಕೊಂಡವು. ಸಂಜೆ ಅಲ್ಲಿ ಸೇರಿದವರು, ತಪ್ಪೋ ಒಪ್ಪೋ, ಇಂಗ್ಲಿಷಿನಲ್ಲಿಯೇ ಮಾತನಾಡಬೇಕು.

೨೦೦೧ರಲ್ಲಿ ಚೀನಾದ ಶಿಕ್ಷಣ ಇಲಾಖೆ ಹೊಸ ಇಂಗ್ಲಿಷ್ ಪಠ್ಯಕ್ರಮವನ್ನು ಪ್ರಕಟಿಸಿ, ‘ಕೆಲಸದ ಮೂಲಕ ಭಾಷೆ’ ಎಂಬ ವಿಧಾನವನ್ನು ಶಿಫಾರಸು ಮಾಡಿತು. ಈ ವಿಧಾನವನ್ನು ಮೊದಮೊದಲು ಪ್ರಯೋಗಿಸಿ ನೋಡಿದ್ದು ನಮ್ಮ ದಕ್ಷಿಣ ಭಾರತದಲ್ಲಿಯೇ ಎಂಬುದು ಅನೇಕರಿಗೆ ತಿಳಿಯದು. ೧೯೬೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಕಾರದಿಂದ ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ಈ ಪ್ರಯೋಗವನ್ನು ನಡೆಸಿದರು. ಜಗತ್ತಿನ ವಿಶ್ವವಿದ್ಯಾನಿಲಯಗಳಲ್ಲಿ ಇಂದಿಗೂ ಇದನ್ನು ‘ಬೆಂಗಳೂರು ಯೋಜನೆ’ ಎಂದೇ ಓದುತ್ತಾರೆ. ಪ್ರಭು ಅವರು ಇದನ್ನು ಕುರಿತು ಬರೆದ ಗ್ರಂಥ ೧೯೮೭ರಲ್ಲಿ ಪ್ರಕಟವಾಯಿತು.

ವಿಧಾನ ಸರಳವಾದದ್ದು. ಉಪಾಧ್ಯಾಯರು ಒಂದು ರೈಲು ವೇಳಾಪಟ್ಟಿಯನ್ನೋ ಒಂದು ನಕ್ಷೆಯನ್ನೋ ಹಲಗೆಯ ಮೇಲೆ ಬರೆಯುತ್ತಾರೆ. ಅದರ ಬಗ್ಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತ ಇಡೀ ತರಗತಿಯೊಂದಿಗೆ ಒಂದು ಸಮಸ್ಯೆಯನ್ನು ಬಿಡಿಸುತ್ತಾರೆ. ಅನಂತರ ಅಂಥದೇ ಇನ್ನೊಂದು ಸಮಸ್ಯೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಬಿಡಿಸಬೇಕು. ಮಗುವಿನ ಗಮನ ಸಮಸ್ಯೆಯ ಉತ್ತರದ ಮೇಲಿರುತ್ತದೆ. ಭಾಷೆ ಅದರ ಹಿಂದೆ ತಾನಾಗಿ ಬರುತ್ತದೆ. ಬೇರೆ ವಿದ್ವಾಂಸರು ಬಂದು ಈ ಮಕ್ಕಳನ್ನು ಪರೀಕ್ಷಿಸಿ ೧೯೮೫ರಲ್ಲಿ ವರದಿ ಬರೆದರು. ಅರ್ಥಗ್ರಹಣದಲ್ಲಿಯೂ ಭಾಷೆಯ ಬಳಕೆಯಲ್ಲಿಯೂ ಈ ಮಕ್ಕಳು ಮುಂದಿದ್ದರು. ವಾಕ್ಯರಚನೆಯನ್ನೇ ಕೇಳುವ ಪ್ರಶ್ನೆಗಳಲ್ಲಿ ಹಳೆಯ ಪದ್ಧತಿಯ ಮಕ್ಕಳೂ ಹಿಂದೆ ಬೀಳಲಿಲ್ಲ. ಆದುದರಿಂದ ವ್ಯಾಕರಣ ಬೇಡವೆಂದು ತಿಳಿಯಬಾರದು. ವ್ಯಾಕರಣವೊಂದೇ ಸಾಕೆಂದು ತಿಳಿಯಬಾರದು, ಅಷ್ಟೆ.

ಪೋಷಕರಲ್ಲಿ ಒಂದು ಮಾತು

ಈಗ ನಮ್ಮ ಪ್ರಶ್ನೆಗೆ ಬರೋಣ. ಪ್ರಾಚೀನ ಚೀನೀ ವಿದ್ಯಾರ್ಥಿಗಳಿಂದ ಹಿಡಿದು ಇಂದಿನವರವರೆಗೆ, ಪರಭಾಷೆಯನ್ನು ಚೆನ್ನಾಗಿ ಕಲಿತವರಲ್ಲಿ ಎರಡು ಅಂಶಗಳು ಕಾಣುತ್ತವೆ. ಒಂದು, ಸ್ವಂತ ಭಾಷೆಯಲ್ಲಿ ಗಟ್ಟಿಯಾದ ಬುನಾದಿ. ಎರಡು, ಪರಭಾಷೆ ಬೇಕೇ ಬೇಕೆನಿಸುವ ಕೆಲಸ. ಯುನೆಸ್ಕೋ ಸಂಸ್ಥೆ ೧೯೫೩ರಲ್ಲಿಯೇ ಮಗುವಿನ ಶಿಕ್ಷಣ ಮಾತೃಭಾಷೆಯಲ್ಲಿ ಆರಂಭವಾಗಬೇಕೆಂದು ಹೇಳಿತು. ಕೆನಡಾದ ವಿದ್ವಾಂಸ ಜಿಮ್ ಕಮ್ಮಿನ್ಸ್ ೧೯೭೯ರಲ್ಲಿ, ಎರಡು ಭಾಷೆಗಳ ಪಾಂಡಿತ್ಯ ಒಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತದೆ ಎಂದು ಪ್ರತಿಪಾದಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಾವಿ ಒಂದೇ, ರಾಟೆಗಳು ಎರಡು. ಕನ್ನಡದಲ್ಲಿ ಕಾರಣಕಾರ್ಯಗಳನ್ನು ವಿವರಿಸಬಲ್ಲ ಮಗು ಇಂಗ್ಲಿಷಿನ ಮಾತು ಬಂದ ಕೂಡಲೇ ಅದರಲ್ಲಿಯೂ ವಿವರಿಸಬಲ್ಲದು. ಬಾವಿಯನ್ನೇ ತೋಡದೆ ಹೊಸ ರಾಟೆಯನ್ನು ಕಟ್ಟಿದರೆ ನೀರು ಎಲ್ಲಿಂದ ಬರಬೇಕು?

ಆದ್ದರಿಂದ ಕನ್ನಡ ಮಾಧ್ಯಮವೆಂಬ ಕಾರಣಕ್ಕೆ ಇಂಗ್ಲಿಷ್ ಬಾರದೆಂಬ ಭಯ ಬೇಡ. ಭಯಪಡಬೇಕಾದದ್ದು ಬೇರೊಂದಕ್ಕೆ. ನಮ್ಮ ಮಕ್ಕಳಿಗೆ ಪಾಠದ ಗಂಟೆ ಮುಗಿದ ಮೇಲೆ ಇಂಗ್ಲಿಷಿನ ಕೆಲಸವೇ ಇರುವುದಿಲ್ಲ. ಪಟ್ಟಣದ ಮಗುವಿಗೆ ಅದು ಬೀದಿಯಲ್ಲಿ ಸಿಗುತ್ತದೆ. ಇಲ್ಲಿ ನಾವು ಹುಡುಕಿ ಕೊಡಬೇಕು. ದುಡ್ಡು ಸುರಿದು ಟ್ಯೂಷನ್ನಿಗೆ ಕಳುಹಿಸುವುದೊಂದೇ ದಾರಿಯಲ್ಲ. ಚೀನಾದಲ್ಲಿ ಟ್ಯೂಷನ್ನಿನ ಹೊರೆ ಮಿತಿಮೀರಿದ್ದರಿಂದ ೨೦೨೧ರಲ್ಲಿ ಸರ್ಕಾರವೇ ಶಾಲಾ ವಿಷಯಗಳಲ್ಲಿ ಲಾಭಕ್ಕಾಗಿ ಟ್ಯೂಷನ್ ನಡೆಸುವುದನ್ನು ತಡೆಯಬೇಕಾಯಿತು.

ಇಂಗ್ಲಿಷ್ ಓದದ ತಾಯಿಯೂ ಮಗುವಿಗೆ ಸಹಾಯ ಮಾಡಬಲ್ಲಳು. ಬೆಳೆಗೆ ಹೊಡೆಯುವ ಔಷಧಿಯ ಸೀಸೆಯ ಮೇಲೆ ಇಂಗ್ಲಿಷಿನಲ್ಲಿ ಏನು ಬರೆದಿದೆ, ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಮೈಮೇಲೆ ಬಿದ್ದರೆ ಏನು ಮಾಡಬೇಕು ಎಂದು ಮಗುವಿನಿಂದ ಓದಿಸಿ, ಕನ್ನಡದಲ್ಲಿ ಹೇಳಿಸಲಿ. ಗೊತ್ತಾಗದ ಮಾತನ್ನು ಮಗು ಮರುದಿನ ಉಪಾಧ್ಯಾಯರಲ್ಲಿ ಕೇಳಿ ಬರಲಿ. ಅಲ್ಲಿಯವರೆಗೆ ಆ ಔಷಧಿಯನ್ನು ಮುಟ್ಟುವುದು ಬೇಡ. ಆ ಮಗುವಿಗೆ ಅಂದು ಇಂಗ್ಲಿಷ್ ನಿಜವಾದ ಕೆಲಸಕ್ಕೆ ಬಂದಿರುತ್ತದೆ, ಮನೆಯವರಿಗೆ ಅಪಾಯವೂ ತಪ್ಪಿರುತ್ತದೆ.

ವಿದ್ಯಾರ್ಥಿಗಳಿಗೆ ಅಭ್ಯಾಸ

೧. ತಾಳವಾಡಿಯಿಂದ ಸತ್ಯಮಂಗಲಕ್ಕೂ ಚಾಮರಾಜನಗರಕ್ಕೂ ಹೋಗುವ ಬಸ್ಸುಗಳ ವೇಳಾಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಇಬ್ಬರು ಸ್ನೇಹಿತರು ಅದನ್ನು ನೋಡಿ ಪ್ರಶ್ನೋತ್ತರ ನಡೆಸಿರಿ.

೨. ಶಾಲೆಯಿಂದ ನಿಮ್ಮ ಮನೆಗೆ ದಾರಿಯ ನಕ್ಷೆ ಬರೆಯಿರಿ. ಊರಿಗೆ ಹೊಸಬರಾದವರಿಗೆ ದಾರಿಯನ್ನು ಐದು ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿರಿ. ಅದನ್ನೇ ತಮಿಳಿನಲ್ಲಿಯೂ ಹೇಳಿರಿ.

೩. ಈರೋಡಿನ ಮಾರುಕಟ್ಟೆಗೆ ಹೋದ ಅರಿಸಿನದ ತೂಕ, ದರ, ಬಾಡಿಗೆ ಇವುಗಳ ಲೆಕ್ಕವನ್ನು ಮನೆಯಲ್ಲಿ ಕೇಳಿ, ಇಂಗ್ಲಿಷಿನಲ್ಲಿ ಬರೆದು ತನ್ನಿರಿ.

೪. ನಿಮ್ಮ ಅಜ್ಜಿ ಹೇಳಿದ ಒಂದು ಕಥೆಯನ್ನು ಮೊದಲು ಒಳ್ಳೆಯ ಕನ್ನಡದಲ್ಲಿ ಬರೆಯಿರಿ. ಅನಂತರ ಹತ್ತು ಇಂಗ್ಲಿಷ್ ವಾಕ್ಯಗಳಿಗೆ ಇಳಿಸಿರಿ. ಹ್ಯೂಯೆನ್ ತ್ಸಾಂಗನು ಮಾಡಿದ್ದೂ ಇದೇ ಜಾತಿಯ ಕೆಲಸ.

೫. ವಾರಕ್ಕೊಂದು ಸಂಜೆ ಆಟದ ಬಯಲಿನ ಮರದಡಿ ‘ಇಂಗ್ಲಿಷ್ ಮೂಲೆ’ ನಡೆಸಿರಿ. ಅಲ್ಲಿ ತಪ್ಪಿಗೆ ನಗುವಂತಿಲ್ಲ ಎಂಬುದೊಂದೇ ನಿಯಮ.

ನಿಮ್ಮಲ್ಲಿ ಕೆಲವರು ಪ್ಲಸ್ ಟು ಮುಗಿಸಿ ಶಾಂತಿನಿಕೇತನಕ್ಕೋ ದೆಹಲಿಗೋ ಹೋಗಿ ಚೀನೀ ಭಾಷೆಯನ್ನು ಓದಬಹುದು. ಕೆಲವರು ೧೯೬೯ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯಂಥ ಕಡೆ ಭಾಷಾಶಾಸ್ತ್ರದಲ್ಲಿ ಕೆಲಸ ಮಾಡಬಹುದು. ಕನ್ನಡ ಮತ್ತು ಚೀನೀ ಭಾಷೆ ಎರಡನ್ನೂ ಬಲ್ಲವರು ನಮ್ಮಲ್ಲಿ ಬಹಳ ವಿರಳ. ಒಂದರ ಪುಸ್ತಕಗಳನ್ನು ಮೂಲದಿಂದಲೇ ಇನ್ನೊಂದಕ್ಕೆ ತರುವ ಕೆಲಸ ಬೇಕಾದಷ್ಟು ಉಳಿದಿದೆ. ಅದಕ್ಕೆ ಬೇಕಾದ ಒಳ್ಳೆಯ ಕನ್ನಡ ನಿಮ್ಮ ಬಳಿ ಈಗಾಗಲೇ ಇದೆ. ಮಿಕ್ಕದ್ದನ್ನು ಮೇಲಿನ ಮೊದಲನೆಯ ಅಭ್ಯಾಸದಿಂದ ಇಂದೇ ಆರಂಭಿಸಿರಿ.